ಒಂದೇ ದರದ ಸೀರೆ, ಮೂರು ಕಾರ್ಡ್

ಬಾಗಲಕೋಟೆ ನವನಗರದಲ್ಲಿ ನಮ್ಮದು ಇಳಕಲ್ ಸೀರೆಯ ಸಣ್ಣ ಅಂಗಡಿ. ಶ್ರಾವಣದ ಒಂದೇ ವಾರದಲ್ಲಿ 4,000 ರೂಪಾಯಿಯ ಮೂರು ಸೀರೆ ಮಾರಿದೆ. ಮೂವರೂ ಕಾರ್ಡ್ ಕೊಟ್ಟರು. ಖಾತೆಗೆ ಬಂದ ಹಣ ಮಾತ್ರ ಮೂರು ಥರ.

ರುಪೇ ಡೆಬಿಟ್: ಪೂರ್ತಿ 4,000.
ವೀಸಾ ಡೆಬಿಟ್: 3,981 ರೂಪಾಯಿ 12 ಪೈಸೆ.
ವೀಸಾ ಕ್ರೆಡಿಟ್: 3,915 ರೂಪಾಯಿ 4 ಪೈಸೆ.

ನನಗೆ ಮಷಿನ್ ಕೊಟ್ಟಿರುವುದು ಒಂದು ಬ್ಯಾಂಕ್, ಗಿರಾಕಿಗೆ ಕಾರ್ಡ್ ಕೊಟ್ಟಿರುವುದು ಇನ್ನೊಂದು. ಇವೆರಡರ ನಡುವೆ ಮಾತು ಮುಟ್ಟಿಸುವುದು ರುಪೇ ಅಥವಾ ವೀಸಾ. 'ಖಾತೆಯಲ್ಲಿ ಹಣ ಇದೆಯಾ, ಪಿನ್ ಸರಿಯಾ' ಅಂತ ಕೇಳಿ ಎರಡು ಮೂರು ಸೆಕೆಂಡಲ್ಲಿ ಉತ್ತರ ತರುತ್ತವೆ. ಬ್ಯಾಂಕುಗಳು ತಮ್ಮೊಳಗೆ ಲೆಕ್ಕ ಚುಕ್ತಾ ಮಾಡುವುದು ಆಮೇಲೆ. ಈ ಕೆಲಸಕ್ಕೆ ಅಂಗಡಿಯವರಿಂದ ಮುರಿದುಕೊಳ್ಳುವುದೇ ಎಂಡಿಆರ್. ಅದರಲ್ಲಿ ದೊಡ್ಡ ಪಾಲು ಹೋಗುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ.

ರುಪೇ ಡೆಬಿಟ್‌ಗೆ 2020ರ ಜನವರಿ 1ರಿಂದ ಎಂಡಿಆರ್ ಇಲ್ಲ. ಬೇರೆ ಡೆಬಿಟ್ ಕಾರ್ಡಿಗೆ, ವರ್ಷದ ವಹಿವಾಟು 20 ಲಕ್ಷದೊಳಗಿರುವ ನನ್ನಂಥವರಿಗೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಶೇ 0.40. ಅಂದರೆ 16 ರೂಪಾಯಿ, ಮೇಲೆ ಜಿಎಸ್‌ಟಿ 2.88. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ನನ್ನ ಮಷಿನ್‌ಗೆ ಶೇ 1.8 ಬೀಳುತ್ತದೆ, ಅದರ ಮೇಲೂ ಜಿಎಸ್‌ಟಿ. ಗಿರಾಕಿ ಮೂರಕ್ಕೂ ಕೊಡುವುದು ಅದೇ 4,000, ಹಾಗಾಗಿ ಇದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಡೆಬಿಟ್ ಕಾರ್ಡಿಗೆ ಯಾರಾದರೂ ಎರಡು ಪರ್ಸೆಂಟ್ ಜಾಸ್ತಿ ಕೇಳಿದರೆ ಕೊಡಬೇಡಿ. ಅದು ನಿಯಮಕ್ಕೆ ವಿರುದ್ಧ.

ರುಪೇ, ವೀಸಾ ನಡುವೆ ವೇಗದಲ್ಲಿ ನನಗೇನೂ ಫರಕು ಕಾಣಲಿಲ್ಲ. ವ್ಯವಹಾರ ಕೆಟ್ಟಾಗಲೂ ದಾರಿ ಒಂದೇ. ಒಮ್ಮೆ ಒಬ್ಬ ಅಕ್ಕ ಕಾರ್ಡ್ ಹಾಕಿದಾಗ ಮಷಿನ್ ಸುಮ್ನೆ ತಿರುಗುತ್ತಾ ನಿಂತು, ಕೊನೆಗೆ ಫೇಲ್ ಅಂತ ಚೀಟಿ ಹೊರಗೆ ಬಿತ್ತು. ಅಷ್ಟರಲ್ಲಿ ಅವರ ಮೊಬೈಲ್ ಸದ್ದಾಯಿತು. "ಅಣ್ಣಾರ, ರೊಕ್ಕ ಹೋಗೇತಿ ಅಂತ ಮೆಸೇಜ್ ಬಂತಲ್ರೀ!" ಪಾಪ, ಅವರ ಕೈ ನಡುಗುತ್ತಿತ್ತು. ಅವರ ಬ್ಯಾಂಕ್ ಹೂಂ ಅಂದಿತ್ತು, ಆ ಉತ್ತರ ನನ್ನ ಮಷಿನ್‌ವರೆಗೆ ಬಂದಿರಲಿಲ್ಲ, ಅಷ್ಟೇ. ಚೀಟಿ ಅವರ ಕೈಗೆ ಕೊಟ್ಟು, ಕಾರ್ಡ್ ಕೊಟ್ಟ ಬ್ಯಾಂಕಿಗೇ ದೂರು ಕೊಡಲು ಹೇಳಿದೆ. ಹಣ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾಲ್ಕನೇ ದಿನ ಬಂತು. ಸೀರೆ ಅವರಿಗಾಗಿ ಎತ್ತಿಟ್ಟಿದ್ದೆ.

ವೀಸಾ ಬೇಡ ಅಂತ ನಾನು ಹೇಳಲಾರೆ. ಮಗಳ ಓದಿಗೆ ಹೊರದೇಶದ ಒಂದು ವೆಬ್‌ಸೈಟ್‌ಗೆ ಫೀಸು ಕಟ್ಟಬೇಕಿತ್ತು. ಅಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಗುರುತು ಮಾತ್ರ ಇತ್ತು. ಅದಕ್ಕೇ ಒಂದು ವೀಸಾ ಡೆಬಿಟ್ ಇಟ್ಟುಕೊಂಡಿದ್ದೇನೆ. ಊರೊಳಗಿನ ಖರೀದಿಗೆಲ್ಲ ರುಪೇ.

ಕ್ರೆಡಿಟ್ ಬೇಕಾದವರೂ ರುಪೇ ನೋಡಿ. 2022ರಿಂದ ಅದನ್ನು ಯುಪಿಐಗೆ ಜೋಡಿಸಬಹುದು, ಮಷಿನ್ ಇಲ್ಲದ ಕಿರಾಣಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿದರೆ ಸಾಕು. ಕಾರ್ಡ್ ಕೊಡುವ ದೊಡ್ಡ ಬ್ಯಾಂಕು, ಕಂಪನಿಗಳು ಹೊಸ ಕ್ರೆಡಿಟ್ ಕಾರ್ಡ್ ಕೊಡುವಾಗ ರುಪೇ, ವೀಸಾದಂಥ ಯಾವ ನೆಟ್‌ವರ್ಕ್ ಬೇಕು ಅಂತ ಆರಿಸಲು ಬಿಡಬೇಕು ಅನ್ನುವ ನಿಯಮ 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ. ನನ್ನ ಹೆಂಡತಿ ಬ್ಯಾಂಕಿನ ಕೌಂಟರಿನಲ್ಲಿ ತಾನೇ ಬಾಯಿಬಿಟ್ಟು ಕೇಳಿ, ರುಪೇ ಬರೆಸಿಕೊಂಡು ಬಂದಳು.