ಡೇಟಿಂಗ್ ಸೈಟ್ ಅಫಿಲಿಯೇಟ್ ಕೆಲಸಕ್ಕೆ ಇಳಿಯುವವರೇ, ದುಡ್ಡು ಕಟ್ಟುವ ಪುಟ ಮೊದಲು ನೋಡಿ

ಇದು ವಯಸ್ಕರ ಡೇಟಿಂಗ್ ಸೈಟುಗಳ ವಿಷಯ. ಮುಜುಗರ ಆಗುವವರು ಇಲ್ಲೇ ಬಿಟ್ಟುಬಿಡಿ, ಬೇಜಾರಿಲ್ಲ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ಟ್ರಾಫಿಕ್ (ಸೈಟಿಗೆ ಬರುವ ಜನ) ನಂಬಿ ಅಫಿಲಿಯೇಟ್ ಕೆಲಸ, ಅಂದರೆ ಬೇರೆ ಕಂಪನಿಯ ಲಿಂಕ್ ಹಾಕಿ ಕಮಿಷನ್ ಪಡೆಯುವ ಕೆಲಸ, ಮಾಡುವವರು ಕಡಿಮೆ ಇಲ್ಲ. ಹೋಸ್ಟಿಂಗ್ ಲಿಂಕು, ವಿಪಿಎನ್ (ಬೇರೆ ದೇಶದಿಂದ ನೆಟ್ ನೋಡಿದಂತೆ ತೋರಿಸುವ ಆ್ಯಪ್) ಲಿಂಕು ಹಾಕಿ ಸಾಕಾದವರು ಕಮಿಷನ್ ಜಾಸ್ತಿ ಅಂತ ಈ ಕಡೆ ತಿರುಗುತ್ತಾರೆ. ನಾನೂ ಹಾಗೇ ತಿರುಗಿದವನು. ಅವರಿಗೋಸ್ಕರ ಬರೆಯುತ್ತಿದ್ದೇನೆ.

ನನ್ನದು ಬರೀ ಬರಹದ ಸೈಟು. ಚಿತ್ರ ಇಲ್ಲ, ವಿಡಿಯೊ ಇಲ್ಲ. ಯಾವ ಡೇಟಿಂಗ್ ಸೈಟಿನಲ್ಲಿ ಏನಿದೆ, ಎಷ್ಟು ದುಡ್ಡು, ರದ್ದು ಮಾಡುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯುತ್ತೇನೆ. ಓದುವವರು ಹೆಚ್ಚಿನಂಶ ಅಮೆರಿಕದವರು. ನನ್ನ ಲಿಂಕಿನಿಂದ ಸದಸ್ಯರಾದರೆ ಮೊದಲ ತಿಂಗಳಲ್ಲೂ ಆಮೇಲಿನ ಪ್ರತಿ ರೀಬಿಲ್‌ನಲ್ಲೂ (ಮತ್ತೆ ಬೀಳುವ ಚಂದಾ) ಪಾಲು ಬರುತ್ತದೆ.

ಇಂಥ ಒಂದು ಡೇಟಿಂಗ್ ಸೈಟಿನ ಕಂಪನಿ (ಹೆಸರು ಬೇಡ) ನನ್ನನ್ನು ಸೇರಿಸಿಕೊಳ್ಳುವಾಗ ಉದ್ದನೆಯ ನೀತಿ ನಿಯಮದ ಪಟ್ಟಿಗೆ ಸಹಿ ಹಾಕಿಸಿಕೊಂಡಿತು. ಸ್ಪ್ಯಾಮ್ ಕಳಿಸಬಾರದು. 18 ತುಂಬದವರು ಬರುವ ಜಾಗದಲ್ಲಿ ಲಿಂಕ್ ಹಾಕಬಾರದು. ಸುಳ್ಳು ಆಸೆ ತೋರಿಸಬಾರದು. ಬೇರೆಯವರ ಫೋಟೊ ಬಳಸಬಾರದು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಈ ಧಂದೆಯಲ್ಲೂ ಮರ್ಯಾದಸ್ಥರು ಇದ್ದಾರಲ್ಲ ಅನ್ನಿಸಿತು. ಮರ್ಯಾದಸ್ಥರಂತೆ!

ಆಮೇಲೆ ಓಹಿಯೊದ ಓದುಗನೊಬ್ಬನಿಂದ ಮೇಲ್ ಬಂತು. ಬೈಗುಳವೇ ಜಾಸ್ತಿ. ಕೆಳಗೆ ಅವನ ಕಾರ್ಡ್ ಸ್ಟೇಟ್‌ಮೆಂಟಿನ ಚಿತ್ರ. ಒಂದು ಡಾಲರಿನ ಟ್ರಯಲ್ ಅಂತ ನಾನು ಬರೆದಿದ್ದೆ. ಅವನಿಗೆ ಆ ಒಂದು ಡಾಲರ್ ಜೊತೆಗೆ ಅವನು ಹೆಸರೂ ಕೇಳಿರದ ಇನ್ನೆರಡು ಸೈಟುಗಳ ತಿಂಗಳ ಚಂದಾ ಬಿದ್ದಿತ್ತು. ನಾನು ನಂಬಲಿಲ್ಲ. ಆ ಪುಟವನ್ನು ನಾನೇ ಬೆಂಗಳೂರಿನಿಂದ ತೆರೆದು, ಸಾಲು ಸಾಲು ಓದಿ ವಿಮರ್ಶೆ ಬರೆದಿದ್ದೆ. ಅಂಥದ್ದೇನೂ ಇರಲಿಲ್ಲ ಅಲ್ಲಿ.

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಗೆ "ಈ ಸೈಟ್ ಸ್ವಲ್ಪ ತೆಗೆದು ನೋಡಪ್ಪಾ" ಅಂತ ಹೇಳುವ ಹಾಗಿಲ್ಲ ಅಲ್ವಾ. ವಿಪಿಎನ್‌ನಲ್ಲಿ ಅಮೆರಿಕ ಆರಿಸಿ ನಾನೇ ತೆರೆದೆ.

ಪುಟ ಬೇರೆ! ಬಣ್ಣ ಅದೇ, ಬಟನ್ ಅದೇ. ಆದರೆ ಕಾರ್ಡ್ ನಂಬರ್ ತುಂಬುವ ಜಾಗ ದಾಟಿ, ಹಸಿರು ಬಟನ್ನಿನ ಕೆಳಗೆ, ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರದಲ್ಲಿ ಎರಡು ಸಾಲು. ಎರಡರ ಪಕ್ಕದಲ್ಲೂ ಚಿಕ್ಕ ಬಾಕ್ಸ್. ಎರಡಕ್ಕೂ ಮೊದಲೇ ಟಿಕ್ ಹಾಕಿಟ್ಟಿದ್ದಾರೆ. ಫೋನಿನಲ್ಲಿ ನೋಡಿದರೆ ಬಟನ್ ಒತ್ತುವವರೆಗೂ ಆ ಸಾಲು ಪರದೆ ಮೇಲೆ ಬರುವುದೇ ಇಲ್ಲ. ವಿಪಿಎನ್ ತೆಗೆದರೆ ಮತ್ತೆ ಸ್ವಚ್ಛ ಪುಟ. ಹಾಕಿದರೆ ಟಿಕ್. ತೆಗೆದರೆ ಸ್ವಚ್ಛ. ಎಷ್ಟು ಸಲ ಹಾಗೆ ಮಾಡಿದೆನೋ. ನಮ್ಮಂಥ ಅಫಿಲಿಯೇಟ್‌ಗಳು ಕೂತಿರುವ ದೇಶಕ್ಕೆ ಒಂದು ಮುಖ, ದುಡ್ಡು ಕಟ್ಟುವವರ ದೇಶಕ್ಕೆ ಇನ್ನೊಂದು. ಮೈ ಉರಿದುಹೋಯಿತು.

ನಮ್ಮಲ್ಲಿ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುವುದಿದ್ದರೆ 24 ಗಂಟೆ ಮೊದಲೇ ಮೆಸೇಜ್ ಬರಬೇಕು. ಅದಕ್ಕೇ ನಮಗೆ ಈ ಆಟದ ರುಚಿ ಗೊತ್ತಾಗುವುದಿಲ್ಲ. ಅಲ್ಲಿ ಸದ್ದಿಲ್ಲದೆ ಹೋಗುತ್ತಲೇ ಇರುತ್ತದೆ. ಅಮೆರಿಕದಲ್ಲೂ ಕಾನೂನು ಇಲ್ಲವೆಂದಲ್ಲ. 2010ರ ಕಾಯ್ದೆಯ ಪ್ರಕಾರ ಇಂಥ ಚಂದಾಗೆ ಎಲ್ಲ ವಿವರ ಸ್ಪಷ್ಟವಾಗಿ ಹೇಳಿ ಗ್ರಾಹಕನ ಒಪ್ಪಿಗೆ ಪಡೆಯಬೇಕು, ನಿಲ್ಲಿಸಲು ಸುಲಭ ದಾರಿ ಕೊಡಬೇಕು.

ಕಂಪನಿಯಲ್ಲಿ ಅಫಿಲಿಯೇಟ್‌ಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಮೇಡಂಗೆ ಚಾಟ್‌ನಲ್ಲಿ ಕೇಳಿದೆ. ಉತ್ತರ: "ಡಿಯರ್, ಅದು ಬಿಲ್ಲಿಂಗ್ ಟೀಮಿನ ವಿಷಯ." ಮತ್ತೆ ಕೇಳಿದೆ. "ಗ್ರಾಹಕರು ಒಪ್ಪಿಯೇ ಕೊಂಡಿದ್ದಾರೆ, ಟಿಕ್ ಇದೆಯಲ್ಲ." ಟಿಕ್ ಹಾಕಿದ್ದು ನೀವಲ್ಲವೇ ಅಂದೆ. ಒಂದು ನಗುವ ಇಮೋಜಿ. ಅಷ್ಟೇ.

ಸುಮ್ನೆ ಬಿಡಲಿಲ್ಲ, ನಿಮ್ಮದೇ ನೀತಿ ನಿಯಮದಲ್ಲಿ ಸುಳ್ಳು ಆಸೆ ತೋರಿಸಬಾರದು ಅಂತಿದೆ ಅಂದೆ. ಆಗ ಬಂದ ಉತ್ತರ ಓದಿ: "ಅದು ಅಫಿಲಿಯೇಟ್‌ಗಳಿಗಾಗಿ ಮಾಡಿದ ನಿಯಮ."

ಮರುದಿನ ನನ್ನ ಕಮಿಷನ್ ಹೋಲ್ಡ್. ಕಾರಣ? ನನ್ನ ಟ್ರಾಫಿಕ್‌ನಲ್ಲಿ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ದುಡ್ಡು ವಾಪಸ್ ಪಡೆಯುವುದು) ಜಾಸ್ತಿ, ಒಂದು ಡಾಲರ್ ಅಂತ ಬರೆದು ಗ್ರಾಹಕರ ದಾರಿ ತಪ್ಪಿಸಿದ್ದೇನೆ, ಆದ್ದರಿಂದ ನೀತಿ ನಿಯಮ ಮುರಿದಿದ್ದೇನೆ! ಟಿಕ್ ಹಾಕಿದವರು ಅವರು, ಮೋಸ ಗೊತ್ತಾಗಿ ಜನ ಬ್ಯಾಂಕಿಗೆ ಹೋಗಿ ದುಡ್ಡು ವಾಪಸ್ ಕೇಳಿದರೆ ಅದು ನನ್ನ ತಲೆಗೆ. ಆ ಎರಡು ಸೈಟುಗಳ ಚಂದಾದಲ್ಲಿ ನನಗೆ ಒಂದು ಪೈಸೆ ಪಾಲೂ ಬಂದಿಲ್ಲ.

ಇದು ಹೊಸ ಆಟವೂ ಅಲ್ಲ. 2000ದಲ್ಲೇ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕ್ರೆಸೆಂಟ್ ಪಬ್ಲಿಷಿಂಗ್ ಎಂಬ ಕಂಪನಿ ಮೇಲೆ ಕೇಸು ಹಾಕಿತ್ತು. ವಯಸ್ಕರ ಸೈಟು ನೋಡುವುದು ಉಚಿತ, ವಯಸ್ಸು ಖಾತ್ರಿಗೆ ಮಾತ್ರ ಕಾರ್ಡ್ ನಂಬರ್ ಅಂತ ಹೇಳಿ ಆಮೇಲೆ ಬಿಲ್ ಹಾಕಿದ ಆರೋಪ. ಮರುವರ್ಷ 3 ಕೋಟಿ ಡಾಲರಿಗೆ ರಾಜಿಯಾಯಿತು. 2014ರಲ್ಲಿ ಜೆಡಿಐ ಡೇಟಿಂಗ್ ಎಂಬ ಕಂಪನಿ, ನಕಲಿ ಪ್ರೊಫೈಲುಗಳಿಂದ ಮೆಸೇಜ್ ಕಳಿಸಿ ಜನರಿಂದ ಚಂದಾ ಕಟ್ಟಿಸಿಕೊಂಡ ಆರೋಪಕ್ಕೆ 6,16,165 ಡಾಲರ್ ತೆತ್ತಿತು. ಈ ಧಂದೆಯಲ್ಲಿ ಮೋಸ ಹೋದವರು ಬಾಯಿ ಬಿಡುವುದು ಕಡಿಮೆ. ಹೆಂಡತಿಗೆ ಗೊತ್ತಾದರೆ? ಬ್ಯಾಂಕಿನವರ ಹತ್ತಿರ ಏನಂತ ಹೇಳುವುದು? ಆ ನಾಚಿಕೆಯೇ ಇವರ ಬಂಡವಾಳ. ನನ್ನ ಹತ್ತಿರವೂ ಅದನ್ನೇ ಲೆಕ್ಕ ಹಾಕಿದ್ದಾರೆ. ಇವನು ಭಾರತದವನು, ಯಾವ ಸ್ಟೇಷನ್ನಿಗೆ ಹೋಗಿ ಏನಂತ ಕಂಪ್ಲೇಂಟ್ ಕೊಡುತ್ತಾನೆ ಅಂತ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ, ಇದನ್ನು ಅವರ ಯಾವ ನಿಯಮವೂ ಹೇಳುವುದಿಲ್ಲ. ಕಂಪನಿ ಕಳಿಸುವ ಬ್ಯಾನರ್‌ಗಳಲ್ಲಿ ಎಂಥೆಂಥ ಚಿತ್ರ ಇರುತ್ತವೆ ಅಂತ ಗೊತ್ತಲ್ಲ. ಅವು ನಿಮ್ಮ ಸೈಟಿಗೆ ಬಂದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಅಶ್ಲೀಲ ಚಿತ್ರದ 67, 67ಎ ಕಲಂ ಹಿಡಿಯುವುದು ನಿಮ್ಮನ್ನು. 67ಎ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮೇಡಂ ಮಾತ್ರ "ಬ್ಯಾನರ್ ಹಾಕಿದರೆ ಸೇಲ್ ಡಬಲ್ ಆಗುತ್ತೆ ಡಿಯರ್" ಅಂತ ವಾರ ವಾರ ಕಳಿಸುತ್ತಿದ್ದಳು. ಹಾಕಲಿಲ್ಲ, ಪುಣ್ಯ.

ಈ ಕೆಲಸ ಮಾಡಲೇಬೇಕೆಂದರೆ, ದುಡ್ಡು ಕಟ್ಟುವ ಪುಟವನ್ನು ಗ್ರಾಹಕರ ದೇಶದಿಂದ, ಫೋನಿನಲ್ಲೂ ತೆರೆದು ನೋಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ನಾನು ಕೇಳಿದ ಮೇಲೆ ಅವರು ಪುಟ ಬದಲಾಯಿಸಿಬಿಟ್ಟರು. ಅವರ ನಿಯಮ ಅವರಿಗೂ ಅನ್ವಯಿಸುತ್ತದೆಯೇ ಅಂತ ಸೇರುವ ಮೊದಲೇ ಕೇಳಿ. ಮೇಲ್‌ನಲ್ಲಿ ಕೇಳಿ, ಚಾಟ್ ಬೇಡ. ಚಾಟನ್ನು ಅಳಿಸುತ್ತಾರೆ.

ನಾನು ಲಿಂಕ್ ತೆಗೆದು, ವಿಮರ್ಶೆಯ ಮೇಲ್ಗಡೆಯೇ ಆ ಎರಡು ಟಿಕ್ಕಿನ ಚಿತ್ರ ಹಾಕಿದ್ದೇನೆ. ಓಹಿಯೊದವನಿಗೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಹಾಕಲು ಹೇಳಿದೆ, ದುಡ್ಡು ವಾಪಸ್ ಬಂತಂತೆ. ನನ್ನದು ಇನ್ನೂ ಹೋಲ್ಡ್. ಮೊನ್ನೆ ಮೇಡಂ ಮೆಸೇಜ್: "ಆ ಚಿತ್ರ ತೆಗೆದರೆ ಅರ್ಧ ಕಮಿಷನ್ ಈ ವಾರವೇ ಬಿಡುಗಡೆ ಮಾಡಿಸುತ್ತೇನೆ ಡಿಯರ್." ಅದರದ್ದೂ ಸ್ಕ್ರೀನ್‌ಶಾಟ್ ತೆಗೆದು ಅದರ ಕೆಳಗೇ ಹಾಕಿದೆ.