ಒಂದೊಂದೇ ಷೇರು ಕೊಂಡಿಟ್ಟಿದ್ದೀರಾ? ಮಾರುವ ಮೊದಲು ಇದನ್ನು ಓದಿ

ಇನ್ನೂರು ಮುನ್ನೂರು ರೂಪಾಯಿ ಹಾಕಿ ಒಂದೊಂದೇ ಷೇರು ಕೊಳ್ಳುತ್ತಿರುವ ಹೊಸಬರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ದುಡ್ಡು ಹೋಗಿದ್ದು ಮಾರುಕಟ್ಟೆ ಬಿದ್ದು ಅಲ್ಲ. ನನ್ನ ಷೇರುಗಳ ಬೆಲೆ ಏರಿತ್ತು. ಆದರೂ ಹಾಕಿದ್ದಕ್ಕಿಂತ ಕಡಿಮೆ ವಾಪಸ್ ಬಂತು.

ದಿನಾ ಯಲಚೇನಹಳ್ಳಿಯಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸುವಾಗ ಗಂಟೆ 9:15, ಸರಿಯಾಗಿ ಮಾರುಕಟ್ಟೆ ತೆರೆಯುವ ಹೊತ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಫೋನ್ ತೆಗೆದು ಒಂದು ಷೇರು ಕೊಳ್ಳುತ್ತಿದ್ದೆ. ಇವತ್ತು ಒಂದು ಕಂಪನಿ, ನಾಲ್ಕು ದಿನ ಬಿಟ್ಟು ಇನ್ನೊಂದು. ಹೀಗೆ 11 ಕಂಪನಿಗಳಲ್ಲಿ ತಲಾ ಒಂದು ಷೇರು ಆಯಿತು. ಶುಲ್ಕ ಬಿಟ್ಟು ಒಟ್ಟು ಹಾಕಿದ್ದು 2,900 ರೂಪಾಯಿ.

ಆಮೇಲೆ ಅಮ್ಮನ ಕನ್ನಡಕಕ್ಕೆ ದುಡ್ಡು ಬೇಕಾಯಿತು. ಆ್ಯಪ್‌ನಲ್ಲಿ ಹಸಿರು ಬಣ್ಣದಲ್ಲಿ 185 ರೂಪಾಯಿ ಲಾಭ ಕಾಣುತ್ತಿತ್ತು. ಟಿಪಿನ್ (ಷೇರು ಮಾರಲು ಒಪ್ಪಿಗೆ ಕೊಡುವ ಗುಟ್ಟಿನ ಸಂಖ್ಯೆ), ಒಟಿಪಿ ಹಾಕಿ ಒಂದೇ ಬೆಳಿಗ್ಗೆ ಹನ್ನೊಂದನ್ನೂ ಮಾರಿದೆ. 3,085 ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಬ್ಯಾಂಕಿಗೆ ಬಂದಿದ್ದು 2,820ರ ಆಸುಪಾಸು.

ಕಾಂಟ್ರಾಕ್ಟ್ ನೋಟ್ (ವಹಿವಾಟಿನ ಬಿಲ್) ತೆಗೆದು ಎರಡು ಸಲ ನೋಡಿದೆ. ಅದರಲ್ಲಿ ಇದ್ದಿದ್ದು ಬ್ರೋಕರೇಜ್ (ಬ್ರೋಕರ್ ಕಮಿಷನ್), ಜಿಎಸ್‌ಟಿ, ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ) ಇತ್ಯಾದಿ, ಅಷ್ಟೇ. ಲೆಕ್ಕ ಕೂಡಲಿಲ್ಲ. ಕೊನೆಗೆ ಲೆಡ್ಜರ್ (ಬ್ರೋಕರ್ ಬಳಿಯ ನನ್ನ ಖಾತೆಯ ಜಮಾ-ಖರ್ಚಿನ ಪಟ್ಟಿ) ತೆರೆದಾಗ ಗೊತ್ತಾಯಿತು: ‘ಡಿಪಿ ಚಾರ್ಜಸ್’ ಅಂತ 11 ಸಾಲು, ಒಂದೊಂದಕ್ಕೂ 17.70. ಅಂದರೆ 15 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 194.70.

ಇದನ್ನು ದಯವಿಟ್ಟು ಸರಿಯಾಗಿ ತಿಳಿದುಕೊಳ್ಳಿ. ನಿಮ್ಮ ಡಿಮ್ಯಾಟ್‌ನಿಂದ, ಅಂದರೆ ಷೇರುಗಳನ್ನು ಇಟ್ಟಿರುವ ಖಾತೆಯಿಂದ, ಷೇರು ಹೊರಗೆ ಹೋದಾಗ ಬೀಳುವ ಶುಲ್ಕ ಇದು. ಕೊಳ್ಳುವಾಗ ಇಲ್ಲ, ಮಾರುವಾಗ ಮಾತ್ರ. ಒಂದು ಕಂಪನಿಗೆ ಒಂದು ದಿನಕ್ಕೆ ಒಂದು ಸಲ. ನೀವು ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಲಕ್ಷ ರೂಪಾಯಿ ಷೇರು ಮಾರುವವರಿಗೆ 17.70 ಲೆಕ್ಕಕ್ಕೇ ಇಲ್ಲ. 250 ರೂಪಾಯಿ ಷೇರಿಗೆ ಅದು ಶೇ. 7 ಆಗುತ್ತೆ!

ಇನ್ನು ಬ್ರೋಕರೇಜ್. ನನ್ನ ಬ್ರೋಕರ್‌ದು ಆರ್ಡರಿಗೆ ಕನಿಷ್ಠ 5 ರೂಪಾಯಿ, ಜಿಎಸ್‌ಟಿ ಸೇರಿ 5.90. ಕೊಳ್ಳುವಾಗ 11 ಸಲ, ಮಾರುವಾಗ 11 ಸಲ, ಒಟ್ಟು 129.80. ಎರಡೂ ಕೂಡಿದರೆ 324.50. ಲಾಭ 185 ಇದ್ದದ್ದು ಹೋಗಿ 139.50 ನಷ್ಟ. ಎಸ್‌ಟಿಟಿ ಇತ್ಯಾದಿ ಪುಡಿಗಾಸು ಬೇರೆ. ಜಾಹೀರಾತಿನಲ್ಲಿ ‘ಫ್ರೀ ಅಕೌಂಟ್’ ಅಂತ ದೊಡ್ಡದಾಗಿ ಹಾಕಿದ್ದರು, ಇದು ಮಾತ್ರ ಶುಲ್ಕದ ಪಟ್ಟಿಯ ತಳದಲ್ಲಿತ್ತು. ಹೊಸಬರು ಅಲ್ಲಿವರೆಗೂ ಓದುತ್ತಾರಾ? ನನಗೆ ಈಗಲೂ ಸಿಟ್ಟಿದೆ.

ಇನ್ನೊಂದು ವಿಷಯ. ಗೆಳೆಯನಿಗೆ ರೆಫರಲ್ ಸಿಗಲಿ ಅಂತ ಸುಮ್ನೆ ಎರಡನೇ ಡಿಮ್ಯಾಟ್ ತೆರೆದಿದ್ದೆ. ಒಬ್ಬರ ಹೆಸರಲ್ಲಿ ಒಂದೇ ಡಿಮ್ಯಾಟ್ ಇದ್ದು, ಷೇರುಗಳ ಬೆಲೆ 4 ಲಕ್ಷದೊಳಗಿದ್ದರೆ, ಬಿಎಸ್‌ಡಿಎ ಅನ್ನುವ (ಸಣ್ಣ ಹೂಡಿಕೆದಾರರ ಡಿಮ್ಯಾಟ್) ಖಾತೆಗೆ ವರ್ಷದ ನಿರ್ವಹಣಾ ಶುಲ್ಕ ಇರುವುದಿಲ್ಲ. ಎರಡು ಇದ್ದರೆ ಆ ಅನುಕೂಲ ಸಿಗಲ್ಲ. ಯಾರು ಕೇಳಿದರೂ ತೆರೆಯಬೇಡಿ.

ಹೋದ ವಾರ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ತನ್ನ ಫೋನ್ ತೋರಿಸಿದ. ಏಳು ಕಂಪನಿ, ತಲಾ ಒಂದು ಷೇರು. ಊರಿಗೆ ಹೋಗಲು ದುಡ್ಡು ಬೇಕು, ಎಲ್ಲಾ ಮಾರಿಬಿಡ್ತೀನಿ ಅಂದ. ಕೂರಿಸಿ ಲೆಕ್ಕ ಬಿಡಿಸಿ ಹೇಳಿದೆ. ಬಸ್ ಚಾರ್ಜಿಗೆ ಎಷ್ಟು ಬೇಕೋ ಅಷ್ಟಕ್ಕೆ, ಎಲ್ಲಕ್ಕಿಂತ ಜಾಸ್ತಿ ಬೆಲೆಯ ಒಂದೇ ಷೇರು ಮಾರಿದ. ಉಳಿದ ಆರು ಹಾಗೇ ಇವೆ.