ಟಿ.ವಿ. ಗೇಮ್ ಶೋಗೆ ಆಯ್ಕೆಯಾಗಿದ್ದೀರಾ? ಸಹಿ ಹಾಕುವ ಮೊದಲು ಇದನ್ನು ಓದಿ

ತುಮಕೂರಿನ ಮಹಿಳಾ ಸಂಘಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಆಡಿಷನ್ ಸಂದೇಶಗಳು ಓಡಾಡುತ್ತಿವೆ. ಅತ್ತೆ–ಸೊಸೆ ಜೋಡಿ ಬೇಕಂತೆ, ಪ್ರವೇಶ ಉಚಿತವಂತೆ, ಬಹುಮಾನ ಖಚಿತವಂತೆ. ಹಿಂದೆ ಇಂಥದ್ದೇ ಒಂದು ಕಾರ್ಯಕ್ರಮದಲ್ಲಿ ನನ್ನ ಅಮ್ಮ ಮತ್ತು ಅತ್ತಿಗೆ ಆಡಿ ಬಂದರು. ಪ್ರೇಕ್ಷಕರ ಸಾಲಿನಲ್ಲಿ ನಾನು ಬೆಳಗಿನಿಂದ ನಡುರಾತ್ರಿಯವರೆಗೆ ಕುಳಿತಿದ್ದೆ. ಹೋಗಬೇಡಿ ಎನ್ನುವುದಿಲ್ಲ. ಆದರೆ ನಮಗೆ ಯಾರೂ ಹೇಳದೆ ಹೋದದ್ದು ನಿಮಗಾದರೂ ಮೊದಲೇ ತಿಳಿದಿರಲಿ.

ಆಯ್ಕೆಯಾದ ಮೇಲೆ ಫೋನ್ ಮಾಡಿದ ಸಂಯೋಜಕಿ ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸಿದರು. ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಸ್ಟುಡಿಯೊದಲ್ಲಿರಬೇಕು, ಸಂಜೆಯೊಳಗೆ ಬಿಡುತ್ತೇವೆ, ಪ್ರಯಾಣದ ಖರ್ಚು ನಮ್ಮದು. ಒಪ್ಪಂದದ ಪತ್ರವನ್ನು ತೋರಿಸಿದ್ದು ಮಾತ್ರ ಮೇಕಪ್ ಮುಗಿದು, ಸೀರೆಯ ಸೆರಗಿಗೆ ಕಾಲರ್ ಮೈಕ್ ಸಿಕ್ಕಿಸಿ, ಫ್ಲೋರ್‌ಗೆ ಕರೆಯುವ ಹೊತ್ತಿನಲ್ಲಿ. ಪುಟಗಟ್ಟಲೆ ಇಂಗ್ಲಿಷ್. ಅಮ್ಮ ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿ. ಕನ್ನಡದ ಪ್ರತಿ ಇದೆಯೇ ಎಂದು ಕೇಳಿದರು. "ಎಲ್ಲರೂ ಹಾಕುವ ಸಹಿ ಅಮ್ಮಾ, ನಿಮ್ಮೊಬ್ಬರಿಗಾಗಿ ಇಡೀ ಸೆಟ್ ಕಾಯುತ್ತಿದೆ" ಎಂದು ಹುಡುಗನೊಬ್ಬ ಪೆನ್ನನ್ನು ಕೈಗಿಟ್ಟ. ಮೊಬೈಲ್‌ಗಳನ್ನು ಬಾಗಿಲಲ್ಲೇ ಇಸಿದುಕೊಂಡಿದ್ದರಿಂದ ಪುಟಗಳ ಫೋಟೊ ತೆಗೆದುಕೊಳ್ಳಲೂ ಆಗಲಿಲ್ಲ. ಪ್ರತಿ ನಮ್ಮ ಕೈಸೇರಿದ್ದು ಪದೇ ಪದೇ ಕೇಳಿದ ಮೇಲೆ, ಎಲ್ಲವೂ ಮುಗಿದ ಮೇಲೆ.

ಅದರಲ್ಲಿದ್ದ ಎರಡು ಷರತ್ತುಗಳನ್ನು ನೆನಪಿಟ್ಟುಕೊಳ್ಳಿ. ಬಹುಮಾನ ಸಿಗುವುದು ಕಂತು ಪ್ರಸಾರವಾದ ನಂತರ. ಪ್ರಸಾರ ಮಾಡುವುದು, ಬಿಡುವುದು ಅವರ ಇಷ್ಟ. ಚಿತ್ರೀಕರಿಸಿದ ಯಾವ ಮಾತನ್ನಾದರೂ ಅವರು ಹೇಗೆ ಬೇಕಾದರೂ ಬಳಸಿಕೊಳ್ಳಬಹುದು. ಅದೇ ದಿನ ಆಡಿ ಗೆದ್ದಿದ್ದ ಗುಬ್ಬಿ ಕಡೆಯ ಜೋಡಿಯೊಂದರ ಕಂತು ಪ್ರಸಾರವೇ ಆಗಲಿಲ್ಲ. ಅವರಿಗೆ ಬಿಡಿಗಾಸೂ ಬರಲಿಲ್ಲ.

ಸೆಟ್, ಕ್ಯಾಮೆರಾ, ನಿರೂಪಕರು ಎಲ್ಲಕ್ಕೂ ದಿನದ ಲೆಕ್ಕದಲ್ಲಿ ಹಣ ಹೋಗುವುದರಿಂದ ಒಂದೇ ದಿನ ಹಲವು ಕಂತುಗಳನ್ನು ಮುಗಿಸುತ್ತಾರೆ. ನಡುವೆ ನಿರೂಪಕರು ಬಟ್ಟೆ ಬದಲಿಸುತ್ತಾರೆ, ಪ್ರೇಕ್ಷಕರನ್ನು ಎಬ್ಬಿಸಿ ಬೇರೆ ಸಾಲಿನಲ್ಲಿ ಕೂರಿಸುತ್ತಾರೆ. ಚಪ್ಪಾಳೆಯನ್ನೂ ಬೆರಗಿನ ಮುಖಗಳನ್ನೂ ಆಟವಿಲ್ಲದಾಗಲೇ ಪ್ರತ್ಯೇಕವಾಗಿ ಹಿಡಿದಿಟ್ಟುಕೊಳ್ಳುತ್ತಾರೆ. ಅತ್ತಿಗೆಯ ಸಣ್ಣ ಚೌಕಳಿ ಸೀರೆ ಪರದೆಯ ಮೇಲೆ ಅಲೆಅಲೆಯಾಗಿ ಕುಣಿಯುತ್ತದೆ ಎಂದು ಬೇರೆ ಸೀರೆ ಉಡಿಸಿದರು. ಇದೆಲ್ಲ ಅವರ ಕೆಲಸದ ರೀತಿ, ತಕರಾರಿಲ್ಲ. ಆದರೆ ಏಳಕ್ಕೆ ಬಂದವರ ಸರದಿ ರಾತ್ರಿ ಬರುತ್ತದೆ ಎಂದು ಗೊತ್ತಿದ್ದೂ ಬಾಯಿಬಿಡದಿರುವುದು ಯಾವ ನ್ಯಾಯ? ಅಮ್ಮನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಊಟ ಮೂರು ದಾಟಿದರೂ ಬಂದಿರಲಿಲ್ಲ. ನಾನು ಜಗಳವಾಡಿದ ಮೇಲೆ ಒಂದು ಪೊಟ್ಟಣ ಚಿತ್ರಾನ್ನ ಸಿಕ್ಕಿತು. ಮುಗಿದಾಗ ಬಸ್ ಹಿಡಿಯುವ ಹೊತ್ತು ಮೀರಿತ್ತು, ಬಾಡಿಗೆ ಕಾರಿನಲ್ಲಿ ಊರಿಗೆ ಬಂದೆವು. ಆ ಖರ್ಚು ಇಂದಿಗೂ ಬಂದಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಫೋನಿನಲ್ಲಿ ಆ ಸಂಯೋಜಕಿ ಮಗಳಂತೆ ಮಾತನಾಡಿಸಿ, ಅಪ್ಪ ತೀರಿಕೊಂಡ ಸಂಗತಿಯನ್ನು ಅಮ್ಮನಿಂದ ಕೇಳಿ ತಿಳಿದುಕೊಂಡಿದ್ದರು. ಆಟದ ನಡುವೆ ನಿರೂಪಕರ ಕೈಯ ಚೀಟಿಯಿಂದ ಅದೇ ಪ್ರಶ್ನೆ ಬಂತು. ಅಮ್ಮ ಅತ್ತರು. "ಕಟ್, ಫೋಕಸ್ ಹೋಯಿತು" ಎಂದು ಫ್ಲೋರ್ ಮ್ಯಾನೇಜರ್ ಕೂಗಿದ. ಮೇಕಪ್‌ನವನು ಬಂದು ಅಮ್ಮನ ಕೆನ್ನೆಯನ್ನು ಟಿಶ್ಯೂ ಕಾಗದದಿಂದ ಒತ್ತಿ, ಪೌಡರ್ ಹಚ್ಚಿ, ಮೂಗಿನ ತುದಿಯನ್ನೂ ಒರೆಸಿ ಹೋದ. "ಅದೇ ಮಾತು ಇನ್ನೊಮ್ಮೆ ಹೇಳಿ ಅಮ್ಮಾ, ಈ ಕ್ಯಾಮೆರಾ ನೋಡಿ." ಅಮ್ಮ ಹೇಳಿದರು. ಕಣ್ಣೀರು ಬರಲಿಲ್ಲ. ಆಗ, "ಕೊನೆಯದಾಗಿ ಅವರು ನಿಮಗೇನು ಹೇಳಿದರು?" ಎಂದು ನಿರೂಪಕರಿಂದ ಕೇಳಿಸಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಆ ಟೇಕ್ ಓಕೆ ಆಯಿತು.

ಬಿಡುವಿನಲ್ಲಿ ದಣಿದಿದ್ದ ಅಮ್ಮ ಅತ್ತಿಗೆಯ ಕಡೆ ತಿರುಗಿ, "ನಿನ್ನ ಮಾತು ಕೇಳಿ ಬರಬಾರದಿತ್ತು ಕಣೇ" ಎಂದರು. ಮೈಕ್ ಚಾಲೂ ಇತ್ತು. ಆ ಒಂದು ವಾಕ್ಯವನ್ನು ಪ್ರೊಮೊದಲ್ಲಿ ಅತ್ತಿಗೆಯ ತಪ್ಪು ಉತ್ತರದ ಬೆನ್ನಿಗೇ ಅಂಟಿಸಿದ್ದರು. ಸೊಸೆಯನ್ನು ಜನರೆದುರು ಬೈಯುವ ಅತ್ತೆ ಎಂದು ನಮ್ಮ ಬೀದಿಯೇ ಮಾತನಾಡಿತು. ಅತ್ತಿಗೆ ಮನೆಮನೆಗೆ ಹೋಗಿ, ಹಾಗಲ್ಲ ಎಂದು ಹೇಳಿ ಬರಬೇಕಾಯಿತು. ದಯವಿಟ್ಟು ಮೈಕ್ ಬಿಚ್ಚುವವರೆಗೆ ಮನೆಯ ಒಂದು ಮಾತನ್ನೂ ಆಡಬೇಡಿ.

ಇನ್ನು ಬಹುಮಾನ. ವೇದಿಕೆಯ ಮೇಲೆ ಸ್ಕೂಟರ್ ಕೀಲಿ ಕೊಟ್ಟರು, ಕ್ಯಾಮೆರಾ ನಿಂತ ಮೇಲೆ ವಾಪಸು ಪಡೆದರು. ಗೇಮ್ ಶೋ ಬಹುಮಾನಕ್ಕೆ 30 ಪ್ರತಿಶತ ತೆರಿಗೆ ಉಂಟು. ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವ ಮೊದಲೇ ಅದನ್ನು ಕಟ್ಟಿಸಿಕೊಳ್ಳಬೇಕು. ನಗದಾದರೆ ಮುರಿದುಕೊಂಡೇ ಕೊಡುತ್ತಾರೆ. ವಸ್ತುವಾದರೆ ತೆರಿಗೆ ಸಂದಾಯವಾದ ಮೇಲೆಯೇ ಅದನ್ನು ಬಿಡುಗಡೆ ಮಾಡಬೇಕು. 1 ಲಕ್ಷದ ಸ್ಕೂಟರ್ ಎಂದರೆ 30,000 ರೂಪಾಯಿ ಹೊಂದಿಸಬೇಕು. ಮೇಲೆ ಸೆಸ್ ಬೇರೆ. ನಿಮಗೆ ಬೇರೆ ಆದಾಯವೇ ಇಲ್ಲದಿದ್ದರೂ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ಇದು ಕಾನೂನು, ದೂರುವಂತಿಲ್ಲ. ಆದರೆ ಆಡುವ ಮೊದಲು ಒಬ್ಬರೂ ಹೇಳಲಿಲ್ಲ. ಯಾರ ಪ್ಯಾನ್ ಕೊಡುತ್ತೀರೋ ಅವರ ಹೆಸರಿನಲ್ಲಿ ಆ ತೆರಿಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾಣಿಸಬೇಕು, ನೋಡಿಕೊಳ್ಳಿ.

ಒಪ್ಪಂದವನ್ನು ಹೊರಡುವ ಮೊದಲೇ ಕಳುಹಿಸುವಂತೆ ಕೇಳಿ, ಓದಿಸಿಕೊಳ್ಳಿ. ಪ್ರಸಾರವಾಗದಿದ್ದರೆ ಬಹುಮಾನದ ಗತಿ ಏನು, ಪ್ರಯಾಣ ವೆಚ್ಚ ಎಷ್ಟು, ಯಾವ ಹೊತ್ತಿಗೆ ಬಿಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಡದಿದ್ದರೆ ಬಸ್ಸು ಹತ್ತಬೇಡಿ. ಹೇಳಲು ಇಷ್ಟವಿಲ್ಲದ ದುಃಖವನ್ನು ಫೋನಿನಲ್ಲೂ ಹೇಳಬೇಡಿ.

ಕಂತು ಪ್ರಸಾರವಾದ ವಾರದಲ್ಲೇ ಅಮ್ಮನಿಗೆ ಇನ್ನೊಂದು ಕರೆ ಬಂತು. ಕಾರ್ಯಕ್ರಮದ ಹೆಸರು ಹೇಳಿ, "ತೆರಿಗೆಯನ್ನು ಈ ಯುಪಿಐ ನಂಬರಿಗೆ ಹಾಕಿ, ಸ್ಕೂಟರ್ ನಾಳೆಯೇ ಮನೆಗೆ ಬರುತ್ತದೆ" ಎಂದರು. ಅಮ್ಮ ಫೋನ್ ಇಟ್ಟು, ಒಪ್ಪಂದದಲ್ಲಿದ್ದ ವಿಳಾಸಕ್ಕೆ ಬರೆದು ವಿಚಾರಿಸಿದರು. ಆ ಕರೆ ಅವರದಾಗಿರಲಿಲ್ಲ. ಇಂಥವರಿಗೆ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.